ತಿಂಗಳಲ್ಲೊಂದು ಕಾದಂಬರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಒಂದೇ ತಿಂಗಳಲ್ಲಿ ಕಾದಂಬರಿಯ ಮೊದಲ ಕರಡು ಬರೆದು ಮುಗಿಸುವ ಸವಾಲಿನ ಬಗ್ಗೆ ಓದುಗರು ಕೇಳಿದ ಎಂಟು ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು.

ನವೆಂಬರ್‌ನಲ್ಲಿ 50,000 ಪದಗಳ ಕಾದಂಬರಿ ಬರೆಯುವ ಸವಾಲೊಂದಿದೆ ಎಂದು ಮಗಳು ಹೇಳಿದಳು. ಇದು ಎಲ್ಲಿಂದ ಬಂತು? ಕನ್ನಡದಲ್ಲಿ ಬರೆಯುವವರೂ 50,000 ಪದ ಬರೆಯಲೇಬೇಕೆ?
— ಉಪನ್ಯಾಸಕರು, ದಾವಣಗೆರೆ

1999ರ ಜುಲೈನಲ್ಲಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊ ಕಡೆಯ ಕ್ರಿಸ್ ಬಾಟಿ ಎಂಬವರು ಗೆಳೆಯರನ್ನು ಸೇರಿಸಿಕೊಂಡು ಇದನ್ನು ಶುರು ಮಾಡಿದರು. ಆ ಸಲ ಇದ್ದವರು 21 ಮಂದಿ. ಮರುವರ್ಷ ಅದು ನವೆಂಬರ್‌ಗೆ ಹೋಯಿತು, ಆಮೇಲೆ ‘ನ್ಯಾನೊರೈಮೊ’ (ನ್ಯಾಷನಲ್ ನಾವೆಲ್ ರೈಟಿಂಗ್ ಮಂತ್ ಎಂಬುದರ ಕಿರುರೂಪ) ಎಂಬ ಹೆಸರಲ್ಲಿ ಊರೂರಿಗೆ ಹಬ್ಬಿತು. ನಡೆಸುತ್ತಿದ್ದ ಸಂಸ್ಥೆ ಬಾಗಿಲು ಹಾಕುವುದಾಗಿ 2025ರ ಮಾರ್ಚ್ ಕೊನೆಗೆ ಪ್ರಕಟಿಸಿತು. ಸಂಸ್ಥೆ ಹೋದರೂ ಅದರ ಲೆಕ್ಕ ಬರೆಯುವವರ ಬಾಯಲ್ಲಿ ಉಳಿದಿದೆ: 30 ದಿನ, 50,000 ಪದ, ದಿನಕ್ಕೆ 1,667.

ಈ ಲೆಕ್ಕ ಇಂಗ್ಲಿಷಿನದು. ಕನ್ನಡಕ್ಕೆ ಹಾಗೇ ತಂದುಕೊಂಡರೆ ಮೊದಲ ವಾರದಲ್ಲೇ ಬೆನ್ನು ಮುರಿಯುತ್ತದೆ. ನಮ್ಮಲ್ಲಿ ‘ಬರಲಿಲ್ಲವಂತೆ’ ಎನ್ನುವುದು ಒಂದೇ ಪದ. ಅಷ್ಟನ್ನೇ ಹೇಳಲು ಇಂಗ್ಲಿಷಿಗೆ ಆರೇಳು ಪದ ಬೇಕು. ‘ಮನೆಯಲ್ಲಿದ್ದವರಿಗೆಲ್ಲ’ ಎಂಬುದನ್ನೂ ಹೀಗೆಯೇ ಬಿಡಿಸಿ ನೋಡಿ. ವಿಭಕ್ತಿ, ಕಾಲ, ನಿಷೇಧ, ‘ಅಂತೆ’, ‘ಎಲ್ಲ’, ಎಲ್ಲವೂ ಪದದ ಬಾಲಕ್ಕೆ ಅಂಟಿಕೊಳ್ಳುತ್ತವೆ. ಇಂಗ್ಲಿಷಿನ 100 ಪದದ ಗದ್ಯ ಕನ್ನಡಕ್ಕೆ ಬಂದಾಗ ಸಾಮಾನ್ಯವಾಗಿ 70ರ ಆಸುಪಾಸಿಗೆ ಇಳಿಯುತ್ತದೆ. ಆದ್ದರಿಂದ ನಾವು ಹೇಳುವ ಗುರಿ 36,000 ಪದ, ದಿನಕ್ಕೆ 1,200. ಡೆಮಿ 1/8 ಆಕಾರದಲ್ಲಿ ಅಚ್ಚಾದರೆ ಅದು 150–160 ಪುಟದ ಪುಸ್ತಕ. ಇನ್ನೊಂದು ಅನುಕೂಲವೂ ಇದೆ. 1,200 ಪದದಲ್ಲಿ ಒಂದು ಪೂರ್ಣ ದೃಶ್ಯ ಆರಾಮವಾಗಿ ಕೂರುತ್ತದೆ. ಅಂದರೆ ದಿನಕ್ಕೊಂದು ದೃಶ್ಯ, ತಿಂಗಳಿಗೆ 30 ದೃಶ್ಯ.

‘ಹೋಗಿಬಿಟ್ಟಿದ್ದ’ ಎಂದು ಕೂಡಿಸಿ ಬರೆದರೆ ಒಂದು ಪದ, ಬಿಡಿಸಿದರೆ ಎರಡು. ನಿಮ್ಮ ರೂಢಿ ಯಾವುದೋ ಅದರಂತೆ ಬರೆಯಿರಿ. ಎಣಿಕೆ ಏರಲಿ ಎಂದು ಪದ ಒಡೆಯಬೇಡಿ, ಆಮೇಲೆ ಅವನ್ನೆಲ್ಲ ಮತ್ತೆ ಕೂಡಿಸುವ ಕೆಲಸ ನಿಮಗೇ ಬೀಳುತ್ತದೆ.

ನಮ್ಮದು ಅಡಿಕೆ ತೋಟದ ಮನೆ. ನವೆಂಬರ್ ಅಂದರೆ ಕೊಯ್ಲು, ಆಳುಕಾಳು, ಮನೆ ತುಂಬ ಕೆಲಸ. ನನಗೆ ದಿನಕ್ಕೆ ಹೆಚ್ಚೆಂದರೆ ಒಂದೂವರೆ ಗಂಟೆ ಸಿಗಬಹುದು. ಯಾವ ತಿಂಗಳು ಹಿಡಿಯಲಿ?
— ಗೃಹಿಣಿ, ಶಿರಸಿ

ಆಷಾಢ ಹಿಡಿಯಿರಿ. ನ್ಯಾನೊರೈಮೊದವರು ಜುಲೈ ಬಿಟ್ಟು ನವೆಂಬರ್‌ಗೆ ಹೋದದ್ದು ಆ ಹೊತ್ತಿಗೆ ಅಲ್ಲಿ ಹವೆ ಕೆಟ್ಟು ಜನ ಮನೆಯೊಳಗೆ ಕೂರುತ್ತಾರೆ ಎಂಬ ಕಾರಣಕ್ಕೆ. ಅದೇ ಕಾರಣ ನಮ್ಮ ಮಲೆನಾಡಿಗೆ ಒಪ್ಪುವುದು ಆಷಾಢದಲ್ಲಿ. ಮದುವೆ, ಮುಂಜಿ, ಗೃಹಪ್ರವೇಶ ಯಾವುದೂ ಇಲ್ಲ. ಹೊರಗೆ ಮಳೆ, ನೆಂಟರ ಓಡಾಟವೂ ಕಡಿಮೆ. ನವೆಂಬರ್‌ನಲ್ಲಿ ರಾಜ್ಯೋತ್ಸವದ ಕಾರ್ಯಕ್ರಮ, ತುಳಸಿ ಹಬ್ಬ, ಅದು ಮುಗಿಯುತ್ತಿದ್ದಂತೆ ಮದುವೆಗಳು. ಶಾಲೆಯಲ್ಲಿ ಕಲಿಸುವವರಿಗೆ ಬೇಸಿಗೆ ರಜೆಯೇ ಒಳ್ಳೆಯದು.

ಬರೆಯುವ ರೂಢಿ ಇದ್ದವರಿಗೆ ಗಂಟೆಗೆ 600 ಪದ ಸಾಗುತ್ತದೆ. ನಿಮ್ಮ ಒಂದೂವರೆ ಗಂಟೆಗೆ 900, ತಿಂಗಳಿಗೆ 27,000. ಅಷ್ಟಕ್ಕೆ ಕಿರುಕಾದಂಬರಿ ಆಗುತ್ತದೆ, ಅದನ್ನೇ ಗುರಿಯಾಗಿಟ್ಟುಕೊಳ್ಳಿ. ಇಲ್ಲದ ಸಮಯವನ್ನು ನಂಬಿಕೊಂಡು ದೊಡ್ಡ ಅಂಕಿ ಹಾಕಿಕೊಳ್ಳಬೇಡಿ. ಸಮಯವನ್ನು 45 ನಿಮಿಷದ ಎರಡು ಪಾಲು ಮಾಡಿ: ಬೆಳಿಗ್ಗೆ ಆಸರಿಗೆ ಆದಮೇಲೆ ಒಂದು, ರಾತ್ರಿ ಒಂದು. ಬೆಳಗಿನ ಪಾಲು ತಪ್ಪಿದರೆ ಆ ದಿನ ಪೂರ್ತಿ ಖಾಲಿ ಆಗುವುದಿಲ್ಲ.

ಮಳೆಗಾಲದಲ್ಲಿ ಕರೆಂಟನ್ನು ನೆಚ್ಚಿಕೊಳ್ಳುವ ಹಾಗಿಲ್ಲವಾದ್ದರಿಂದ ನೋಟ್‌ಬುಕ್ಕೇ ವಾಸಿ. ಲಾಂಗ್ ನೋಟ್‌ಬುಕ್ಕಿನ ಒಂದು ಪುಟಕ್ಕೆ ಸುಮಾರು 180 ಪದ ಹಿಡಿಯುತ್ತದೆ, ನಿಮಗೆ ದಿನಕ್ಕೆ ಐದು ಪುಟ. ಬಲಪುಟದಲ್ಲಿ ಮಾತ್ರ ಬರೆಯಿರಿ, ಎಡಪುಟ ಮುಂದೆ ತಿದ್ದುವುದಕ್ಕಿರಲಿ. 200 ಪುಟದ ಎರಡು ನೋಟ್‌ಬುಕ್ ಸಾಕು. ಆಯಾ ದಿನದ ಪುಟಗಳ ಫೋಟೊವನ್ನು ಅಂದೇ ಫೋನಿನಲ್ಲಿ ತೆಗೆದಿಡಿ. ಸೋರುವ ಮಾಡಿನ ಕೆಳಗೆ ಶಾಯಿ ಪೆನ್ನು ಬೇಡ, ಬಾಲ್‌ಪೆನ್ ಇರಲಿ.

ಶುರು ಮಾಡುವ ಮೊದಲು ಏನೇನು ಸಿದ್ಧ ಮಾಡಿಟ್ಟುಕೊಳ್ಳಬೇಕು? ಕಥೆ ಪೂರ್ತಿ ಗೊತ್ತಿರಲೇಬೇಕೆ?
— ಗ್ರಂಥಾಲಯ ಸಿಬ್ಬಂದಿ, ಕಲಬುರಗಿ

ಪೂರ್ತಿ ಬೇಡ. ಐದು ಹಾಳೆ ತುಂಬಿದರೆ ಸಾಕು. ಒಂದು ಉದಾಹರಣೆ ಇಟ್ಟುಕೊಂಡೇ ಹೇಳುತ್ತೇವೆ, ಮುಂದಿನ ಉತ್ತರಗಳಲ್ಲೂ ಅದನ್ನೇ ಬಳಸಿದ್ದೇವೆ.

ಮೊದಲ ಹಾಳೆಯಲ್ಲಿ ಒಂದೇ ವಾಕ್ಯ. ಯಾರಿಗೆ ಏನು ಬೇಕು, ಅಡ್ಡ ಬರುವುದೇನು, ಆಗದಿದ್ದರೆ ಕಳೆದುಕೊಳ್ಳುವುದೇನು ಎಂಬ ಮೂರೂ ಅದರಲ್ಲಿರಬೇಕು. ‘ಗಂಡ ತೀರಿಕೊಂಡ ಮೇಲೆ ಖಾನಾವಳಿಯನ್ನು ತಾನೇ ನಡೆಸಲು ಹೊರಟ ಸರೋಜಾ, ಮೈದುನ ಆ ಕಟ್ಟಡ ಮಾರುವ ಮೊದಲು ಸಾಲ ತೀರಿಸಬೇಕು.’ ಈ ವಾಕ್ಯ ಬರೆಯಲು ಆಗದಿದ್ದರೆ ಇನ್ನೊಂದು ವಾರ ತಡೆಯಿರಿ. ನಿಮ್ಮ ಹತ್ತಿರ ಇರುವುದು ವಾತಾವರಣ, ಕಥೆ ಇನ್ನೂ ಹುಟ್ಟಿಲ್ಲ.

ಎರಡನೆಯದು ಜನರ ಹಾಳೆ. ಹೆಸರು, ವಯಸ್ಸಿನ ಜೊತೆಗೆ ಯಾರು ಯಾರನ್ನು ಏನೆಂದು ಕರೆಯುತ್ತಾರೆ ಎಂಬುದನ್ನೂ ಬರೆದಿಡಿ. ಮೈದುನ ಸರೋಜಾಳನ್ನು ‘ವೈನಿ’ ಎನ್ನುತ್ತಾನೆ, ‘ನೀವು’ ಎನ್ನುತ್ತಾನೆ. ಜಗಳ ಏರಿದ ದಿನ ‘ವೈನಿ, ನೀವು ಸುಮ್ನ ಕೂಡ್ರಿ’ ಹೋಗಿ ‘ನೀ ಸುಮ್ನ ಕೂಡು’ ಬಂದರೆ ಓದುಗನಿಗೆ ಬೇರೆ ವಿವರಣೆ ಬೇಕಿಲ್ಲ. ಆದರೆ ನೀವು ಮೊದಲಿನಿಂದ ಎರಡನ್ನೂ ಹೇಗೆಂದರೆ ಹಾಗೆ ಬಳಸಿದ್ದರೆ ಆ ಪೆಟ್ಟು ಬೀಳುವುದಿಲ್ಲ.

ಮೂರನೆಯ ಹಾಳೆ ನಿರೂಪಣೆಯದು. ಬಹಳ ಮಂದಿ ಬಿಟ್ಟುಬಿಡುವುದು ಇದನ್ನೇ, ಆಮೇಲೆ ಅಳುವುದೂ ಇದಕ್ಕೇ. ಕಥೆ ಹೇಳುವವರು ‘ಅತ್ತೆ ಬಂದಳು’ ಎನ್ನುತ್ತಾರೋ ‘ಅತ್ತೆ ಬಂದರು’ ಎನ್ನುತ್ತಾರೋ? ‘ಬಂದಳು’ ಎಂದೋ ‘ಬರುತ್ತಾಳೆ’ ಎಂದೋ? ‘ನಾನು’ ಹೇಳುವ ಕಥೆಯೋ, ಸರೋಜಾಳ ಬೆನ್ನಿಗಿದ್ದು ಹೇಳುವುದೋ? ಇದನ್ನು ಹದಿನೈದನೆಯ ದಿನ ಬದಲಿಸಿದರೆ ಕಂಪ್ಯೂಟರಿನ ‘ಹುಡುಕಿ ಬದಲಿಸು’ ನಿಮ್ಮನ್ನು ಕಾಯುವುದಿಲ್ಲ. ಹೆಸರಾದರೆ ಒಂದೇಟಿಗೆ ಬದಲಾಗುತ್ತದೆ. ಕನ್ನಡದಲ್ಲಿ ಗೌರವ, ಲಿಂಗ, ಕಾಲ ಎಲ್ಲ ಕ್ರಿಯಾಪದದ ತುದಿಯಲ್ಲಿವೆ. ಒಂದೊಂದು ವಾಕ್ಯವನ್ನೂ ಕೈಯಿಂದಲೇ ತಿದ್ದಬೇಕಾಗುತ್ತದೆ.

ಆಡುಮಾತಿನ ಬರವಣಿಗೆಯನ್ನೂ ಇಲ್ಲೇ ತೀರ್ಮಾನಿಸಿ. ಸಂಭಾಷಣೆ ಕಲಬುರಗಿಯದಾದರೆ ‘ಅದ’, ಧಾರವಾಡ–ಬೆಳಗಾವಿ ಕಡೆಯದಾದರೆ ‘ಐತಿ’. ಎರಡನ್ನೂ ಕಲಸಿದರೆ ಆ ಕಡೆಯ ಓದುಗರು ಮೂರನೆಯ ಪುಟಕ್ಕೇ ಪುಸ್ತಕ ಮಡಚುತ್ತಾರೆ. ತಿಂಗಳು ಶುರುವಾಗುವ ಮುಂಚೆ ಬರೀ ಮಾತುಕತೆಯನ್ನೇ ಮೂರು ಪುಟ ಬರೆದು, ಗಟ್ಟಿಯಾಗಿ ಓದಿ ಕಿವಿಗೆ ಒಪ್ಪಿಸಿಕೊಳ್ಳಿ.

ನಾಲ್ಕನೆಯದರಲ್ಲಿ ಇಸವಿಗಳು, ಪ್ರತಿಯೊಬ್ಬರ ಹುಟ್ಟಿದ ವರ್ಷ. ಐದನೆಯದರಲ್ಲಿ 1ರಿಂದ 30ರವರೆಗೆ ಸಂಖ್ಯೆ ಹಾಕಿ, ಗೊತ್ತಿರುವ ದೃಶ್ಯಗಳನ್ನು ಒಂದೊಂದು ಸಾಲಿನಲ್ಲಿ ಬರೆಯಿರಿ. 12–15 ತುಂಬಿದರೂ ಆದೀತು, ಆದರೆ ಮೂವತ್ತನೆಯದು ತುಂಬಿರಲೇಬೇಕು. ಹೋಗಿ ಮುಟ್ಟುವ ಊರು ಗೊತ್ತಿದ್ದರೆ ನಡುವಿನ ದಾರಿಯಲ್ಲಿ ತಪ್ಪಿದರೂ ಮತ್ತೆ ಹತ್ತಿಕೊಳ್ಳಬಹುದು.

ಬರೆದದ್ದನ್ನು ತಿದ್ದದೆ ಮುಂದೆ ಹೋಗಲು ನನಗೆ ಆಗುವುದಿಲ್ಲ. ನಾಲ್ಕು ದಿನದಲ್ಲಿ ಮೊದಲ ಅಧ್ಯಾಯವನ್ನೇ ಆರು ಸಲ ಬರೆದೆ. ಏನು ಮಾಡಲಿ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಆ ಅಧ್ಯಾಯ ಕೊನೆಗೆ ಉಳಿಯುವುದೇ ಅನುಮಾನ. ಕಥೆಯ ಕೊನೆ ಬರೆದಾದ ಮೇಲೆ ಅದು ನಿಜವಾಗಿ ಎಲ್ಲಿ ಶುರುವಾಗಬೇಕು ಎಂಬುದು ಕಾಣುತ್ತದೆ. ಆಗ ಮೊದಲ ಒಂದೆರಡು ಅಧ್ಯಾಯ ಹೋಗುವುದು ತೀರಾ ಸಾಮಾನ್ಯ. ನೀವು ಬಣ್ಣ ಬಳಿಯುತ್ತಿರುವುದು ಕೆಡವಬೇಕಾಗಬಹುದಾದ ಗೋಡೆಗೆ. ಬರೆಯುವುದು ಈ ತಿಂಗಳ ಕೆಲಸ, ತಿದ್ದುವುದು ಮುಂದಿನದು. ಎರಡನ್ನೂ ಒಂದೇ ಕೂರಿಕೆಯಲ್ಲಿ ಮಾಡಿದರೆ ಎರಡೂ ಕೆಡುತ್ತವೆ.

ಬೆಳಿಗ್ಗೆ ಕೂತಾಗ ಹಿಂದಿನ ದಿನದ ಕೊನೆಯ ಹತ್ತು ಸಾಲು ಮಾತ್ರ ಓದಿ. ಅಧ್ಯಾಯಕ್ಕೊಂದು ಫೈಲ್ ಮಾಡಿ, ಮುಗಿದದ್ದನ್ನು ಮತ್ತೆ ತೆರೆಯಬೇಡಿ. ಗೊತ್ತಿಲ್ಲದ್ದು ಎದುರಾದರೆ ಹುಡುಕಲು ಏಳದೆ, ಕಥೆಯಲ್ಲಿ ಎಲ್ಲೂ ಬರದ ಒಂದು ಗುರುತು ಹಾಕಿ ದಾಟಿಹೋಗಿ. ‘##’ ಆದೀತು. ಸಾಲು ಹೀಗೆ ಕಾಣುತ್ತದೆ:

‘ಸರೋಜಾ ಗಲ್ಲಾದ ಮುಂದೆ ಕೂತು ## ಆಗಿನ ಊಟದ ದರ ## ಲೆಕ್ಕ ಹಾಕಿದಳು. ಮೂರು ಟೇಬಲ್ ಖಾಲಿ. ಮೈದುನ ಒಳಗೆ ಬರದೆ ## ಬಾಗಿಲು ಯಾವ ದಿಕ್ಕಿಗಿದೆ? ## ಹೊಸ್ತಿಲಲ್ಲೇ ನಿಂತ.’

ಓದಲು ಒರಟು, ನಿಜ. ಆದರೆ ದೃಶ್ಯ ನಿಲ್ಲಲಿಲ್ಲ. ತಿಂಗಳಾದ ಮೇಲೆ ‘##’ ಹುಡುಕಿದರೆ ಕೇಳಬೇಕಾದ ಪ್ರಶ್ನೆಗಳೆಲ್ಲ ಸಾಲಾಗಿ ಸಿಗುತ್ತವೆ.

ನಡುವೆ ಮನಸ್ಸು ಬದಲಾದರೂ ಇದೇ ದಾರಿ. ಮೈದುನನಿಗೆ ಮದುವೆಯಾಗಿರಬಾರದಿತ್ತು ಎಂದು ಹನ್ನೊಂದನೆಯ ದಿನ ಅನಿಸಿತೆನ್ನಿ. ಹಿಂದೆ ಹೋಗಿ ಅವನ ಹೆಂಡತಿಯನ್ನು ಅಳಿಸುತ್ತ ಕೂರಬೇಡಿ. ಬೇರೆ ಹಾಳೆಯಲ್ಲಿ ‘ದೃಶ್ಯ 11ರಿಂದ ಅವನು ಬ್ರಹ್ಮಚಾರಿ’ ಎಂದು ಬರೆದು, ಮೊದಲಿನಿಂದ ಹಾಗೇ ಇತ್ತೇನೋ ಎಂಬಂತೆ ಮುಂದುವರಿಯಿರಿ.

ಕಾಗುಣಿತ ತೋರಿಸುವ ಕೆಂಪು ಗೆರೆಯನ್ನು ಆಫ್ ಮಾಡಿ. ಕನ್ನಡದ ಸಂಧಿ, ಪ್ರತ್ಯಯ ಸೇರಿದ ಎಷ್ಟೋ ಸರಿಯಾದ ರೂಪಗಳು ಅದರ ಪದಪಟ್ಟಿಯಲ್ಲಿಲ್ಲ. ಪುಟವೆಲ್ಲ ಕೆಂಪಾದರೆ ಕೈ ತಾನಾಗಿ ಹಿಂದಕ್ಕೆ ಹೋಗುತ್ತದೆ. ಇನ್ನೊಂದು ಎಚ್ಚರ: ಮೊದಲ ದಿನದಿಂದಲೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಹಳೆಯ ಆಸ್ಕಿ ಫಾಂಟಿನಲ್ಲಿ ಬರೆದದ್ದನ್ನು ಫೋನಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣುತ್ತವೆ. ಆಫೀಸಿನ ಬಸ್ಸಿನಲ್ಲಿ ಕೂತು ನಾಲ್ಕು ಸಾಲು ಸೇರಿಸುವ ಅವಕಾಶ ಆಗ ತಪ್ಪಿತು.

ಟೈಪಿಂಗ್ ನನಗೆ ಬಹಳ ನಿಧಾನ. ಫೋನಿಗೆ ಬಾಯಲ್ಲಿ ಹೇಳಿ ಬರೆಸಬಹುದೆ?
— ನಿವೃತ್ತ ಬ್ಯಾಂಕ್ ಅಧಿಕಾರಿ, ಮಂಗಳೂರು

ಖಂಡಿತ. ಬಾಯಲ್ಲಿ ಹೇಳಿ ಬರೆಸುವುದು ಹಳೆಯ ಪದ್ಧತಿಯೇ. ಪ್ರಕಾಶಕನೊಬ್ಬನ ಜೊತೆ ಮಾಡಿಕೊಂಡ ಕಟ್ಟುನಿಟ್ಟಿನ ಕರಾರಿಗೆ ಸಿಕ್ಕಿಬಿದ್ದಿದ್ದ ದೊಸ್ತೊಯೆವ್‌ಸ್ಕಿ, 1866ರ ಅಕ್ಟೋಬರ್‌ನಲ್ಲಿ ಜೂಜಿನ ಕುರಿತ ತನ್ನ ಕಾದಂಬರಿಯನ್ನು ಶೀಘ್ರಲಿಪಿ ಬಲ್ಲ ಆನಾ ಎಂಬ ಯುವತಿಗೆ ಹೇಳಿ 26 ದಿನದಲ್ಲಿ ಮುಗಿಸಿದ. ಅವರ ಕ್ರಮವನ್ನು ಗಮನಿಸಿ: ರಾತ್ರಿ ಅವನು ಟಿಪ್ಪಣಿ ಮಾಡಿಕೊಳ್ಳುತ್ತಿದ್ದ, ಹಗಲು ಹೇಳುತ್ತಿದ್ದ, ಆಕೆ ಮನೆಗೆ ಹೋಗಿ ಅದನ್ನು ಶುದ್ಧಪ್ರತಿ ಮಾಡಿ ತರುತ್ತಿದ್ದಳು. ಈ ಮೂರರಲ್ಲಿ ಒಂದನ್ನು ಬಿಟ್ಟರೂ ಕೆಲಸ ಕೆಡುತ್ತದೆ.

ನಿಮಗೆ 1,200 ಪದ ಹೇಳಲು 20 ನಿಮಿಷ ಹಿಡಿದರೆ, ಸರಿಪಡಿಸಲು ಅದರ ಎರಡು ಪಟ್ಟು ಬೇಕು. ಪೂರ್ಣವಿರಾಮ, ಉದ್ಧರಣ ಚಿಹ್ನೆ ಬಿಟ್ಟುಹೋಗಿರುತ್ತವೆ. ‘ಲ’ ಇರಬೇಕಾದಲ್ಲಿ ‘ಳ’ ಇರುತ್ತದೆ. ಹೆಸರುಗಳು ಏನೇನೋ ಆಗಿರುತ್ತವೆ. ಕರಾವಳಿಯ ‘ಬರುದು’, ‘ಹೋಗುದು’ ಹೇಳಿದರೆ ಯಂತ್ರ ಅದನ್ನು ಗ್ರಾಂಥಿಕ ಮಾಡಿಬಿಡಬಹುದು. ಅದೇ ಸಂಜೆ ಸರಿಪಡಿಸಿ. ವಾರ ಕಳೆದರೆ ‘ಇಲ್ಲಿ ನಾನು ಹೇಳಿದ್ದೇನು’ ಎಂದು ನಿಮಗೇ ಹೊಳೆಯುವುದಿಲ್ಲ.

ಹೇಳಿ ಬರೆಸಿದ ಕಥೆಗೆ ಒಂದು ದೋಷ ಅಂಟಿಕೊಳ್ಳುತ್ತದೆ. ಮಾತು ಉದ್ದವಾಗಿ ನೋಟ ತೆಳುವಾಗುತ್ತದೆ, ಪಾತ್ರಗಳೆಲ್ಲ ಒಂದೇ ದನಿಯಲ್ಲಿ ಮಾತಾಡತೊಡಗುತ್ತವೆ. ಪ್ರತಿ ದೃಶ್ಯಕ್ಕೂ ಮೊದಲು ಚೀಟಿಯಲ್ಲಿ ಮೂರು ಗುರುತಿಸಿಕೊಳ್ಳಿ: ಎಲ್ಲಿ ನಿಂತಿದ್ದಾರೆ, ಕೈಯಲ್ಲಿ ಏನಿದೆ, ಹೊರಗಿನಿಂದ ಯಾವ ಸದ್ದು ಬರುತ್ತಿದೆ. ಹೇಳುವಾಗ ಚೀಟಿ ಕಣ್ಣೆದುರೇ ಇರಲಿ.

ಇವತ್ತಿಗೆ 12ನೇ ದಿನ, 13,800 ಪದ ಆಗಿದೆ. ಎರಡು ದಿನದಿಂದ ಒಂದು ಸಾಲೂ ಹುಟ್ಟುತ್ತಿಲ್ಲ. ನನ್ನ ಕಥೆಯೇ ಸರಿಯಿಲ್ಲವೇನೋ.
— ಪದವಿ ವಿದ್ಯಾರ್ಥಿನಿ, ಹುಬ್ಬಳ್ಳಿ

ದಿನಕ್ಕೆ 1,200ರ ಲೆಕ್ಕದಲ್ಲಿ ಇವತ್ತಿಗೆ 14,400 ಆಗಬೇಕಿತ್ತು. ನೀವು ಹಿಂದಿರುವುದು 600 ಪದ, ಒಂದು ಗಂಟೆಯ ಕೆಲಸ. ಕಥೆ ಕೆಟ್ಟಿದೆ ಎಂದು ಈಗಲೇ ತೀರ್ಪು ಕೊಡಬೇಡಿ. ಹತ್ತರಿಂದ ಇಪ್ಪತ್ತನೆಯ ದಿನದ ನಡುವೆ ಈ ಬಾವಿಗೆ ಬೀಳದವರು ಅಪರೂಪ. ಮನಸ್ಸಿನಲ್ಲಿ ವರ್ಷಗಟ್ಟಲೆ ಕೂಡಿಟ್ಟ ಸರಕು ಮೊದಲ ವಾರದಲ್ಲಿ ಖಾಲಿಯಾಗಿರುತ್ತದೆ. ಜನರ ಪರಿಚಯವೂ ಮುಗಿದಿರುತ್ತದೆ, ಕೊನೆ ಇನ್ನೂ ದೂರ.

ನಿಮ್ಮ ಕೊನೆಯ ಮೂರು ದೃಶ್ಯ ತೆಗೆದುಕೊಂಡು, ದೃಶ್ಯ ಶುರುವಾದಾಗ ಇದ್ದ ಪರಿಸ್ಥಿತಿಗೂ ಮುಗಿದಾಗ ಇದ್ದದ್ದಕ್ಕೂ ಏನು ವ್ಯತ್ಯಾಸ ಎಂದು ಒಂದೊಂದು ಸಾಲು ಬರೆಯಿರಿ. ಮೂರರಲ್ಲೂ ‘ಏನಿಲ್ಲ, ಮಾತಾಡಿದರು’ ಎಂದು ಬಂದರೆ ರೋಗ ಸಿಕ್ಕಿತು. ಅವನ್ನು ಅಳಿಸಬೇಡಿ, ಮುಂದಿನ ದೃಶ್ಯದಲ್ಲಿ ನಿಮ್ಮ ಪಾತ್ರದಿಂದ ಏನನ್ನಾದರೂ ಕಿತ್ತುಕೊಳ್ಳಿ. ಸರೋಜಾಳ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಹೆಂಗಸು ಕೆಲಸ ಬಿಟ್ಟಳು. ಈಗ ಸರೋಜಾ ಗಲ್ಲಾ ಬಿಟ್ಟು ಒಲೆಯ ಮುಂದೆ ಕೂರಬೇಕು, ಗಲ್ಲಾದಲ್ಲಿ ಮೈದುನ ಕೂರುತ್ತಾನೆ. ಒಬ್ಬಳು ಹೋದದ್ದರಿಂದ ನಾಲ್ಕು ದೃಶ್ಯಕ್ಕೆ ದಾರಿ ಆಯಿತು.

ಗಡುವು ಇಲ್ಲದ್ದೂ ಕಾರಣವಾಗಿರಬಹುದು. ‘ಸಾಲ ತೀರಿಸಬೇಕು’ ಎಂದರೆ ಕಥೆ ಓಡುವುದಿಲ್ಲ, ‘ಯುಗಾದಿಯೊಳಗೆ ತೀರಿಸಬೇಕು’ ಎಂದರೆ ಓಡುತ್ತದೆ.

ಇವೆರಡೂ ಅಲ್ಲದಿದ್ದರೆ, ಮುಂದೆ ಬರಲಿರುವ ಯಾವುದೋ ಕಷ್ಟದ ದೃಶ್ಯಕ್ಕೆ ನೀವು ಹೆದರಿ ಸುತ್ತು ಹಾಕುತ್ತಿರುವ ಸಾಧ್ಯತೆ ಹೆಚ್ಚು. ಆ ‘ನೀ ಸುಮ್ನ ಕೂಡು’ ದೃಶ್ಯವನ್ನು ಇವತ್ತೇ ಬರೆದುಬಿಡಿ. ಕ್ರಮ ತಪ್ಪಿದರೆ ತಪ್ಪಲಿ. ಅದು ಬರೆದಾದ ಮೇಲೆ ಅಲ್ಲಿಗೆ ಹೋಗಲು ಎಷ್ಟು ಮೆಟ್ಟಿಲು ಬೇಕು ಎಂಬುದು ತಾನಾಗಿ ಕಾಣುತ್ತದೆ, ಎಷ್ಟೋ ಸಲ ನೀವು ಅಂದುಕೊಂಡದ್ದಕ್ಕಿಂತ ಕಡಿಮೆ. ಹದಿನೈದು, ಹದಿನಾರನೆಯ ದಿನದ ಹೊತ್ತಿಗೆ ಮತ್ತೆ ಮೊದಲಿನಂತಾಗಲು ಸಾಧ್ಯವಿಲ್ಲದ ಒಂದು ಘಟನೆ ಆಗಿರಬೇಕು. ಇಪ್ಪತ್ತರ ನಂತರ ಹೊಸ ಪಾತ್ರ ತರಬೇಡಿ.

ಜ್ವರದಿಂದ ಆರು ದಿನ ತಪ್ಪಿತು. ಬಿಟ್ಟು ಮುಂದಿನ ತಿಂಗಳು ಹೊಸದಾಗಿ ಶುರು ಮಾಡಲೆ?
— ಅಂಗಡಿ ಮಾಲೀಕರು, ತುಮಕೂರು

ಬೇಡ. 12 ದಿನ ಬರೆದು 14,400 ಮಾಡಿದ್ದೀರಿ, 18ರವರೆಗೆ ತಪ್ಪಿತು ಎಂದುಕೊಳ್ಳೋಣ. ಉಳಿದ 12 ದಿನಕ್ಕೆ 21,600, ಅಂದರೆ ದಿನಕ್ಕೆ 1,800. ಮೂರು ಗಂಟೆ ಕೂರಬಲ್ಲಿರಾದರೆ ಸರಿ. ಜ್ವರ ಬಿಟ್ಟ ಮೈಗೆ ಅದು ಹೆಚ್ಚಾದರೆ, ದೃಶ್ಯಗಳ ಪಟ್ಟಿಯಲ್ಲಿ ಯಾವುದು ಇಲ್ಲದಿದ್ದರೆ ಕಥೆ ಬೀಳುತ್ತದೋ ಅವನ್ನಷ್ಟೇ ಪೂರ್ತಿ ಬರೆಯಿರಿ. ಮಿಕ್ಕವಕ್ಕೆ ಐದೈದು ಸಾಲಿನ ಸಾರಾಂಶ ಸಾಕು. ಕೊನೆಯ ದೃಶ್ಯವನ್ನು ಮಾತ್ರ ಸಾರಾಂಶ ಮಾಡಬೇಡಿ.

34,000 ಪದದ ಕರಡು ಮುಗಿಯಿತು. ಊರಿನ ಪ್ರಕಾಶಕರೊಬ್ಬರಿಗೆ ಈಗಲೇ ಇಮೇಲ್ ಮಾಡಬಹುದೆ?
— ಕನ್ನಡಿಗರು, ದುಬೈ

ಈಗಲೇ ಬೇಡ. ನಾಲ್ಕು ವಾರ ಅದನ್ನು ತೆರೆಯಬೇಡಿ. ಬರೆದದ್ದು ಬಾಯಿಪಾಠ ಆಗಿರುವಷ್ಟು ದಿನ ಕಣ್ಣು ಪುಟದ ಮೇಲಿನದನ್ನು ಬಿಟ್ಟು ತಲೆಯೊಳಗಿರುವುದನ್ನೇ ಓದುತ್ತದೆ. ಆಮೇಲೆ 14 ಪಾಯಿಂಟ್ ಅಕ್ಷರದಲ್ಲಿ, ಸಾಲುಗಳ ನಡುವೆ ಜಾಗ ಬಿಟ್ಟು ಪ್ರಿಂಟ್ ತೆಗೆದು ಎರಡೇ ಕೂರಿಕೆಯಲ್ಲಿ ಓದಿ. ಮೊದಲ ಓದಿನಲ್ಲಿ ತಿದ್ದುವುದು ಬೇಡ. ಬೇಸರವಾದಲ್ಲಿ, ಗೊಂದಲವಾದಲ್ಲಿ, ನಂಬಲಾಗದಲ್ಲಿ ಅಂಚಿನಲ್ಲಿ ಬೇರೆ ಬೇರೆ ಗುರುತು ಹಾಕಿ.

ಕೆಲಸ ದೊಡ್ಡದರಿಂದ ಚಿಕ್ಕದಕ್ಕೆ ಬರಲಿ. ಯಾವ ದೃಶ್ಯ ಇರಬೇಕು, ಯಾವುದು ಹೋಗಬೇಕು, ಯಾವುದು ಎಲ್ಲಿಗೆ ಸರಿಯಬೇಕು ಎಂಬುದು ಮೊದಲು. ಸಂಭಾಷಣೆ ಆಮೇಲೆ. ಪದ, ಕಾಗುಣಿತ ಕಟ್ಟಕಡೆಗೆ. ತಿರುವುಮುರುವು ಮಾಡಿದರೆ ವಾರವಿಡೀ ಉಜ್ಜಿದ ಪುಟವನ್ನೇ ಕೊನೆಗೆ ಕಿತ್ತುಹಾಕಬೇಕಾಗಿ ಬರುತ್ತದೆ, ಮತ್ತು ಉಜ್ಜಿದ್ದೇವೆಂಬ ಮಮತೆಗೆ ಕೀಳದೆ ಬಿಡುತ್ತೇವೆ. ಈ ಎರಡನೆಯ ಬರವಣಿಗೆಗೆ ಮೂರು ತಿಂಗಳಾದರೂ ಇಟ್ಟುಕೊಳ್ಳಿ. ಕೊನೆಯ ಸುತ್ತನ್ನು ಗಟ್ಟಿಯಾಗಿ ಓದಿ ಮುಗಿಸಿ. ನಾಲಿಗೆ ಎಡವಿದ ವಾಕ್ಯ ಓದುಗನಿಗೂ ಎಡವುತ್ತದೆ.

ಇದು ನಿಮ್ಮ ಮೊದಲ ಪುಸ್ತಕವಾಗಿದ್ದು ನೀವಿನ್ನೂ ಯುವಕರಾಗಿದ್ದರೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರಕಟಣೆಗಳ ಮೇಲೆ ಕಣ್ಣಿಡಿ. ಯುವ ಬರಹಗಾರರ ಚೊಚ್ಚಲ ಕೃತಿಗೆ ಅದು ಪ್ರೋತ್ಸಾಹಧನ ಕೊಡುತ್ತದೆ. ಷರತ್ತುಗಳನ್ನು ಆ ವರ್ಷದ ಪ್ರಕಟಣೆಯಲ್ಲೇ ಓದಿಕೊಳ್ಳಿ.

ಪ್ರಕಾಶಕರಿಗೆ ಕಳಿಸುವಾಗ ಪಿಡಿಎಫ್ ಜೊತೆಗೆ ಯೂನಿಕೋಡ್ ಫೈಲನ್ನೂ ಕೊಡಿ. ಅವರ ಡಿಟಿಪಿ ‘ನುಡಿ’ಯಂಥ ಆಸ್ಕಿ ಫಾಂಟಿನಲ್ಲಿ ನಡೆಯುತ್ತದೆಯೇ ಎಂದು ಮೊದಲೇ ಕೇಳಿ. ಹಾಗಿದ್ದರೆ ಪರಿವರ್ತನೆಯಾದ ಮೇಲಿನ ಪುಟಗಳನ್ನು ಕರಡು ತಿದ್ದಲು ತರಿಸಿಕೊಳ್ಳಿ. ನೀವು ಕಳಿಸಿದ ಫೈಲಿನಲ್ಲಿ ಸರಿಯಾಗಿದ್ದ ಅರ್ಕಾವತ್ತು, ಒತ್ತಕ್ಷರಗಳು ಆ ಹಂತದಲ್ಲಿ ಜಾಗ ತಪ್ಪುವುದುಂಟು. ಅವನ್ನು ಹಿಡಿಯಲು ಅಚ್ಚಿಗೆ ಮೊದಲು ಸಿಗುವುದು ಅದೊಂದೇ ಅವಕಾಶ.